ಗುಬ್ಬಿ ಚಿಕ್ಕಪ್ಪನ ಗುರುತು

ನಮ್ಮಕ್ಕ ಬಂದರು ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಬೈಂಡಿಂಗ್ ಕೆಲಸ ಮಾಡುತ್ತಿರುವವಳು. ಹಳೆಯ ರಿಜಿಸ್ಟರಿನ ಹೊಲಿಗೆ ಬಿಚ್ಚುವುದು, ಹರಿದ ಹಾಳೆಗೆ ತೆಳು ಕಾಗದ ಅಂಟಿಸುವುದು, ಮತ್ತೆ ಹೊಲಿದು ರಟ್ಟು ಹಾಕುವುದು. ಅಷ್ಟೇ ಅವಳ ಪ್ರಪಂಚ. ಮದುವೆ ಆಗಲಿಲ್ಲ. ಕೈಯಲ್ಲಿ ಯಾವಾಗಲೂ ಗೋಂದಿನ ವಾಸನೆ. "ನಿನ್ನ ಮುಟ್ಟಿದೋರು ಅಲ್ಲೇ ಅಂಟ್ಕೊಂಡ್ಬಿಡ್ತಾರೆ, ಅದಕ್ಕೇ ಯಾರೂ ಬರ್ಲಿಲ್ಲ," ಎಂದು ನಾನು ಕಾಡಿಸುತ್ತಿದ್ದೆ. ಅವಳು ನಗುತ್ತಿದ್ದಳು. ಅಪ್ಪ ಸತ್ತ ಮೇಲೆ ನಗುವುದು ನಿಂತಿತು. ಅದಕ್ಕೆ ಕಾರಣ ನಾನೇ.

ಹೆತ್ತವರಿಬ್ಬರೂ ತೀರಿಕೊಂಡ ಮೇಲೆ ಅಪ್ಪ ಹುಡುಗನಾಗಿದ್ದಾಗಲೇ ಹಡಗು ಹತ್ತಿ ಈ ಊರಿಗೆ ಕೂಲಿಗೆ ಬಂದವನು. ಜೊತೆಗಿದ್ದ ತಮ್ಮ ದಾರಿಯಲ್ಲೇ ಜ್ವರ ಬಂದು ಸತ್ತ. ಹೆಣವನ್ನು ನೀರಿಗೆ ಬಿಟ್ಟರಂತೆ. ಅವನ ಅಡ್ಡಹೆಸರು ಗುಬ್ಬಿ. ಅಪ್ಪ ಜನ್ಮದಲ್ಲಿ ನಕ್ಕವನಲ್ಲ, ಗಂಟುಮುಖದವನು. ಗುಬ್ಬಿಯ ಸುದ್ದಿ ಬಂದರೆ ಮಾತ್ರ ಬಾಯಿ ಬಿಡುತ್ತಿದ್ದ. ಗುಬ್ಬಿ ಹಡಗಿನ ಕಂಬ ಹತ್ತಿ ಕೋಳಿಯ ಹಾಗೆ ಕೂಗಿದ್ದು, ಕಪ್ತಾನನ ಟೋಪಿ ಹಾಕಿಕೊಂಡು ಅಡುಗೆಯವನ ಮೇಲೆ ಹುಕುಂ ಚಲಾಯಿಸಿದ್ದು, ಹೊಡೆಯಲು ಬಂದರೆ ಹಿಟ್ಟಿನ ಪೀಪಾಯಿಯಲ್ಲಿ ಅಡಗಿ ಬೆಳ್ಳಗಾಗಿ ಎದ್ದದ್ದು. ಮನೆಯಲ್ಲಿದ್ದ ಅಪ್ಪನಿಗಿಂತ ಸತ್ತ ಚಿಕ್ಕಪ್ಪನೇ ನಮಗೆ ಹತ್ತಿರದವನು.

ಕೊನೆಯ ದಿನಗಳಲ್ಲಿ ಅಪ್ಪನಿಗೆ ಮಾತು ಬಿದ್ದುಹೋಗಿತ್ತು. ಉಳಿದದ್ದು ಎರಡೇ ಪದ: "ಗುಬ್ಬಿ... ಕರಿ." ಗಂಜಿ ಕುಡಿಸಿದರೂ ಅದೇ, ಬಟ್ಟೆ ಬದಲಿಸಿದರೂ ಅದೇ. ಮೂರನೆಯ ದಿನ ನನಗೆ ರೇಗಿಹೋಯಿತು. "ಎಲ್ಲಿಂದ ಕರೀಲಪ್ಪ? ಗುಬ್ಬಿ ಸತ್ತು ಅರವತ್ತು ವರ್ಷ ಆಯ್ತು. ಸುಮ್ನೆ ಮಲ್ಕೋ," ಎಂದೆ. ಅಪ್ಪ ನನ್ನನ್ನೇ ನೋಡಿದ. ಆಮೇಲೆ ಗೋಡೆಯ ಕಡೆ ಹೊರಳಿಕೊಂಡ. ಮರುದಿನ ಬೆಳಿಗ್ಗೆ ಹೋಗಿಬಿಟ್ಟ.

ಅಕ್ಕನ ತಲೆಗೆ ಹುಳ ಹೊಕ್ಕಿತು. "ಗುಬ್ಬಿ ಬದುಕಿದ್ದಕ್ಕೇ ಕರಿ ಅಂದಿರ್ಬೇಕು ಕಣೆ. ನೀನು ಸತ್ತ ಅಂದ್ಬಿಟ್ಟೆ. ಅದನ್ನೇ ಕೇಳಿಸ್ಕೊಂಡು ಅಪ್ಪ ಹೋದ." ಗುಬ್ಬಿ ಯಾವುದೋ ಬಂದರಿನಲ್ಲಿ ಇಳಿದಿರಬೇಕು, ಅವನಿಗೂ ಮಕ್ಕಳಿರಬೇಕು, ಅಣ್ಣ ಕೊನೆಗೆ ಕರೆದಿದ್ದ ಎಂದು ಅವರಿಗೆ ಹೇಳಿಯೇ ತೀರಬೇಕು ಎಂದು ಹಟ ಹಿಡಿದಳು. ಆರು ವರ್ಷ ಕಂಡಕಂಡ ಕಚೇರಿಗಳಿಗೆಲ್ಲ ಪತ್ರ ಬರೆದಳು. ನನ್ನ ಜೊತೆ ಮಾತು ಅಷ್ಟಕ್ಕಷ್ಟೆ.

ಅಪ್ಪ ಬಂದ ಹಡಗಿನ ರಿಜಿಸ್ಟರು ಅವಳ ಕೋಣೆಯಲ್ಲೇ ಇತ್ತು. ನೂರು ಸಲ ನೋಡಿದ್ದಳು. ಅಣ್ಣ, ಹದಿನಾಲ್ಕು ವರ್ಷ. ತಮ್ಮ, ಹನ್ನೆರಡು, ಎದುರಿಗೆ ಕೆಂಪು ಶಾಯಿಯಲ್ಲಿ 'ಸಮುದ್ರದಲ್ಲಿ ಮೃತ'. ಅದು ಗುಮಾಸ್ತನ ತಪ್ಪು ಎಂದೇ ಅವಳ ವಾದ. ಕಳೆದ ತಿಂಗಳು ಅದೇ ರಿಜಿಸ್ಟರಿನ ಬೆನ್ನು ಕಳಚಿ ಅವಳ ಮೇಜಿಗೆ ಬಂತು. ಹಿಂದೆ ಯಾರೋ ಅವಸರದ ಬೈಂಡರ್ ಅಂಚು ಬಿಡದೆ ಹೊಲಿದಿದ್ದ. ಒಳಬದಿಯ ಒಂದು ಕಾಲಂ ಪೂರ್ತಿ ಹೊಲಿಗೆಯೊಳಗೆ ಹೋಗಿಬಿಟ್ಟಿತ್ತು. ದಾರ ಬಿಚ್ಚಿ ಹಾಳೆ ಹರಡಿದಾಗ ಅದು ಕಾಣಿಸಿತು: 'ದೇಹದ ಗುರುತು'.

ಅಕ್ಕ ಫೋನ್ ಮಾಡಿ ನನ್ನನ್ನು ಕರೆಸಿಕೊಂಡಳು. ಹಾಳೆಯನ್ನು ಮುಂದಿಟ್ಟಳು.

ಅಣ್ಣ: ಎಡಗಾಲು ಕುಂಟು. ತಮ್ಮ: ಬಲಗಿವಿಯ ಹಾಲೆ ಹರಿದಿದೆ.

ಅಪ್ಪ ಎಂದೂ ಕುಂಟಿದವನಲ್ಲ. ಆ ಹರಿದ ಬಲಗಿವಿಯನ್ನು ಹಿಡಿದು ಎಳೆಯುತ್ತಲೇ ನಾವಿಬ್ಬರೂ ಬೆಳೆದದ್ದು.

ಹಾಳೆಯ ಬುಡದಲ್ಲಿ ನಿಯಮ ಅಚ್ಚಾಗಿತ್ತು: ಹದಿನಾಲ್ಕು ತುಂಬದವರು ಒಬ್ಬರೇ ಇದ್ದರೆ ಅದೇ ಹಡಗಿನಲ್ಲಿ ವಾಪಸ್ಸು. ವಾಪಸ್ಸು ಹೋದರೆ ಅನ್ನ ಹಾಕುವವರು ಯಾರಿದ್ದರು? ಹನ್ನೆರಡರ ಹುಡುಗ ಅಣ್ಣನ ಹೆಣದ ಪಕ್ಕ ನಿಂತು, ಸತ್ತವನು ತಮ್ಮ ಎಂದು ಹೇಳಿದ್ದಾನೆ. ಗುರುತು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅಂದಿನಿಂದ ಅಣ್ಣನ ಹೆಸರು, ಅಣ್ಣನ ವಯಸ್ಸು ಹೊತ್ತುಕೊಂಡು, ತನ್ನ ತುಂಟಾಟವನ್ನೆಲ್ಲ ಸತ್ತವನ ಕಥೆ ಮಾಡಿ ನಮಗೆ ಹೇಳಿದ.

"ಗುಬ್ಬೀನ ಕರಿ ಅಂದಿದ್ದಲ್ಲ ಕಣೆ ಅವನು," ಎಂದಳು ಅಕ್ಕ. "ಗುಬ್ಬಿ ಅಂತ ಕರಿ ಅಂದಿದ್ದು. ಒಂದೇ ಒಂದ್ಸಲ."

ನಾನು ತಮ್ಮನ ಸಾಲಿನ ಮೇಲೆ ಬೆರಳಿಟ್ಟೆ.

"ಹಾಗಾದ್ರೆ ನಾನು ಅಪ್ಪನ ಮುಖಕ್ಕೇ 'ನೀನು ಯಾವತ್ತೋ ಸತ್ತೋದೆ' ಅಂತ ಹೇಳ್ದೆ."

ಅಕ್ಕ ಸೂಜಿಗೆ ದಾರ ಪೋಣಿಸಿ, ಆ ಕಾಲಂ ಕಾಣುವಷ್ಟು ಅಂಚು ಬಿಟ್ಟು, ರಿಜಿಸ್ಟರನ್ನು ಮತ್ತೆ ಹೊಲಿಯತೊಡಗಿದಳು.