ಅರಿಶಿನದ ಕೆಳಗಿನ ಹಳದಿ

ಮಲ್ಲೇಶ್ವರದ ಮಾರ್ಕೆಟ್ಟಿನ ಹತ್ತಿರ ಸೊಪ್ಪು ಮಾರುವ ಪಿಳ್ಳಮ್ಮನ ಬಾಯಿ ಜೋರು ಎನ್ನುತ್ತಾರೆ. ಆ ಬಾಯಿ ಯಾಕೆ ಜೋರಾಯಿತು ಎಂದು ಕೇಳಿದ ಪುಣ್ಯಾತ್ಮರು ಒಬ್ಬರೂ ಇಲ್ಲ. ಕೇಳಿದ್ದರೆ ಎಪ್ಪತ್ತೆಂಟನೇ ಇಸವಿಯ ಆ ಶುಕ್ರವಾರದ ಕಥೆ ಹೇಳುತ್ತಿದ್ದಳು.

ಅವಳ ಒಬ್ಬಳೇ ಮಗಳು ಮುನಿರತ್ನಳನ್ನು ಅಕ್ಕಿಪೇಟೆಗೆ ಕೊಟ್ಟಿತ್ತು. ಚೊಚ್ಚಲ ಬಸಿರು. ಎಂಟು ತಿಂಗಳು ತುಂಬುವ ಹೊತ್ತಿಗೆ ಹುಡುಗಿ ಅಂಗೈ ಅಂಗಾಲು ಕೆರೆದುಕೊಂಡು ರಕ್ತ ಬರಿಸಿಕೊಳ್ಳುತ್ತಿದ್ದಳು. ಅತ್ತೆ ಅಂಜಮ್ಮ, “ಮಗೂಗೆ ತಲೆಕೂದ್ಲು ಬರ್ತಾ ಇದೆ, ಅದಕ್ಕೇ ಕೆರೆತ” ಎಂದು ಎಣ್ಣೆ ಸವರಿದಳು. ಮುಖ ಹಳದಿಗೆ ತಿರುಗಿದಾಗ, ಬಸುರಿ ಕಳೆ ನೋಡ್ರಮ್ಮ ಎಂದು ನೆರೆಯವರಿಗೆಲ್ಲ ತೋರಿಸಿದಳು. ದಿನಾ ಕೆನ್ನೆ ತುಂಬ ಅರಿಶಿನ ಬಳಿಯುವ ಮನೆ. ಅದರಡಿ ಕಾಮಾಲೆ ಕೂತಿದ್ದರೆ ಯಾರಿಗೆ ಬೇಕಾಗಿತ್ತು?

ಬಳೆ ತೊಡಿಸುವ ಶಾಸ್ತ್ರಕ್ಕೆ ಪಿಳ್ಳಮ್ಮ ಹಸಿರು ಬಳೆ, ಹೂವು ಹೊತ್ತು ಹೋದಳು. ಮಗಳು ನಗಲಿಲ್ಲ, ಮಡಿಲಿಗಿಟ್ಟ ಎಳ್ಳಿನ ಚಿಗಳಿಯನ್ನೂ ಮುಟ್ಟಲಿಲ್ಲ. ಅರ್ಧ ತೊಟ್ಟ ಬಳೆಯಲ್ಲೇ ತಾಯಿ ಅವಳನ್ನು ಹಿತ್ತಲಿಗೆ ಕರೆದೊಯ್ದು, ಮುಖ ತೊಳೆಸಿ, ಬಿಸಿಲಿಗೆ ನಿಲ್ಲಿಸಿದಳು.

“ಅಂಜಮ್ಮನೋರೇ, ಕಣ್ಣಿಗೂ ಅರಿಶಿನ ಹಚ್ಚಿದೀರಾ?”

ಹೆಂಗಸರ ಹಾಡು ನಿಂತಿತು.

“ಆಟೋ ಕರೀರಿ, ಆಸ್ಪತ್ರೆಗೆ ಹೋಗ್ಬೇಕು.”

“ಶುಕ್ರವಾರ ಮನೆ ಲಕ್ಷ್ಮೀನ ಹೊಸ್ಲು ದಾಟಿಸ್ತಾರಾ? ನಾಳೆ ಶನಿವಾರ, ಅದೂ ಆಗಲ್ಲ. ಭಾನುವಾರ ಕರ್ಕೊಂಡ್ಹೋಗಿ” ಎಂದಳು ಅಂಜಮ್ಮ.

ಅಳಿಯ ರಾಮಾಂಜಿನಪ್ಪ ಅಮ್ಮನ ಮುಖ ನೋಡಿದ, ಆಮೇಲೆ ಗೋಡೆ ನೋಡಿದ. ಹೆಂಡತಿಯ ಮುಖ ಮಾತ್ರ ನೋಡಲಿಲ್ಲ. ಇವನೊಬ್ಬ ಗಂಡ!

“ಲಕ್ಷ್ಮಿ ಅಂತೀರಲ್ಲ, ಲಕ್ಷ್ಮೀನ ಹಿಂಗೇನಾ ನೋಡ್ಕೊಳ್ಳೋದು?” ಎಂದು ಪಿಳ್ಳಮ್ಮ ಮಗಳ ರಟ್ಟೆ ಹಿಡಿದು ಹೊಸ್ತಿಲು ದಾಟಿಸಿಯೇಬಿಟ್ಟಳು.

ಆಸ್ಪತ್ರೆಯಲ್ಲಿ ನೋಡಿದರೆ ಮಗುವಿನ ಎದೆಬಡಿತ ಆಗಲೇ ನಿಂತಿತ್ತು. ಲಿವರ್ ಕೆಟ್ಟಿದೆ, ಅಂಗೈ ಕೆರೆತ ಶುರುವಾದಾಗಲೇ ಬಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರಮ್ಮ. ಮುನಿರತ್ನ ಬದುಕಿದಳು. ನೋಡಲು ಬಂದ ಅಂಜಮ್ಮ ಮಂಚದ ಪಕ್ಕದಲ್ಲೇ ನಿಂತು, “ಶುಕ್ರವಾರ ಹೊಸ್ಲು ದಾಟಿದ್ರೆ ಇನ್ನೇನಾಗುತ್ತೆ?” ಎಂದಳು. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ಮಗಳು ಮಲಗಿದ್ದಾಳೆಂದು ಪಿಳ್ಳಮ್ಮ ತುಟಿ ಕಚ್ಚಿಕೊಂಡಳು. ಅವತ್ತು ನುಂಗಿದ ಮಾತನ್ನೇ ಅವಳು ಇವತ್ತಿಗೂ ಸೊಪ್ಪಿನ ಗಿರಾಕಿಗಳ ಮೇಲೆ ಕಾರುತ್ತಿರುವುದು. ಕಾರಲಿ ಬಿಡಿ.

ಆದರೆ ಮುನಿರತ್ನ ಮಲಗಿರಲಿಲ್ಲ, ಕಣ್ಣು ಮುಚ್ಚಿದ್ದಳು ಅಷ್ಟೆ.

ಎರಡು ವರ್ಷದ ಮೇಲೆ ಮತ್ತೆ ಬಸುರಿಯಾದಳು. ಒಂದು ಗುರುವಾರ ಮತ್ತೆ ಅಂಗೈ ಕೆರೆಯಿತು. ಬೆಳಗಾಗುತ್ತಲೇ ಮುಖದ ಅರಿಶಿನ ತೊಳೆದು, ಚಪ್ಪಲಿ ಮೆಟ್ಟಿದಳು.

“ಎಲ್ಲಿಗೇ? ಇವತ್ತು ಶುಕ್ರವಾರ ಕಣೇ” ಎಂದಳು ಅಂಜಮ್ಮ.

“ಗೊತ್ತು ಅತ್ತೆ,” ಎಂದಳು ಮುನಿರತ್ನ ಹೊಸ್ತಿಲಾಚೆಯಿಂದ. “ಹೋದ್ಸಲ ನೀವು ಭಾನುವಾರ ಅಂದಿದ್ರಿ.”