ಗೋಡೆಯಾಚೆಯ ಮೆಣಸಿನಕಾಯಿ

ಪೇಂಟಿನ ಹಳೇ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ನಿಂತು ಪಕ್ಕದ ಸೈಟಿನೊಳಕ್ಕೆ ಇಣುಕುತ್ತಿದ್ದ ಸೀತಾರಾಮನಿಗೆ, ಐವತ್ತು ದಾಟಿದ ಗಂಡಸಿನ ತೂಕ ಎಷ್ಟೆಂಬುದನ್ನು ಆ ಬಕೆಟ್ಟೇ ತಿಳಿಸಿಕೊಟ್ಟಿತು. ಪಟ್ಟೆಂದು ಒಡೆಯಿತು. ಗದ್ದ ಕಾಂಪೌಂಡಿನ ಮೇಲೆ, ಲುಂಗಿ ಮೊಳೆಗೆ, ಉಳಿದ ಸೀತಾರಾಮ ಗಾಳಿಯಲ್ಲಿ. ಆಚೆ ಮೆಣಸಿನಕಾಯಿ ಬಿಡಿಸುತ್ತಿದ್ದ ಶಂಕ್ರಮ್ಮ ತಲೆಯೆತ್ತಿ ನೋಡಿದಳು.

"ಸಾಹೇಬ್ರ, ಗೇಟು ಆ ಕಡೆ ಐತ್ರಿ" ಎಂದಳು. ಮತ್ತೆ ಬಿಡಿಸತೊಡಗಿದಳು.

ಶಂಕ್ರಮ್ಮ ರಾಯಚೂರಿನ ಕಡೆಯವಳು. ಗಂಡ ಮಲ್ಲಣ್ಣ ಇಲ್ಲೇ ಹೈದರಾಬಾದಿನಲ್ಲಿ ಗಾರೆ ಕೆಲಸದವನು. ಮನೆ ಕಟ್ಟುವವರೆಗೆ ಕಾಯ್ದುಕೊಂಡಿರಿ ಎಂದು ಮಾಲೀಕ ಆ ಖಾಲಿ ಸೈಟಿನ ಮೂಲೆಯಲ್ಲಿ ತಗಡಿನ ಕೋಣೆ ಹಾಕಿಕೊಟ್ಟಿದ್ದ. ಶಂಕ್ರಮ್ಮ ಕಾಯ್ದದ್ದು ಸೈಟಿಗಿಂತ ಹೆಚ್ಚಾಗಿ ಮೆಣಸಿನ ಗಿಡಗಳನ್ನು. ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬ್ಯಾಡಗಿ ಬೀಜ: ನೋಡಲು ಕೆಂಡ, ನಾಲಿಗೆಗೆ ತಂಪು. ಕಾಲೊನಿಯ ಕನ್ನಡದವರೆಲ್ಲ ಬಂದು ಕೇಳುವರು, ಅವಳು ಹಳೇ ಪೇಪರಿನಲ್ಲಿ ಚಿಟಿಕೆ ಬೀಜ ಕಟ್ಟಿ ಕೊಡುವಳು.

ಸೀತಾರಾಮನನ್ನು ಯಾರೂ ಕೇಳಲಿಲ್ಲ. ಅವನೋ ಬೇಗಂಪೇಟೆಯ ಬೀಜದ ಕಂಪನಿಯೊಂದರಲ್ಲಿ ಗುಮಾಸ್ತ. ಪ್ಯಾಕೆಟ್ಟಿನ ಮೇಲೆ 'ಶುದ್ಧ ತಳಿ' ಎಂದು ಅಚ್ಚು ಹಾಕಿಸುವುದೇ ಉದ್ಯೋಗ. ಮಹಡಿಯ ಮೇಲೆ ಅವನೂ ಮೆಣಸು ಬೆಳೆದಿದ್ದ. ಕಾಯಿಗಳು ರಜೆ ಸಿಗದ ನೌಕರರ ಹಾಗೆ ಮುದುರಿಕೊಂಡಿದ್ದವು. ಜನ್ಮದಲ್ಲಿ ಒಮ್ಮೆ, ಒಬ್ಬರಾದರೂ ಗೇಟು ತಟ್ಟಿ 'ನಿಮ್ಮ ಬೀಜ ಸ್ವಲ್ಪ ಕೊಡಿ' ಎನ್ನಬೇಕು. ಇಷ್ಟೇ ಅವನ ಆಸೆ.

"ಶಂಕ್ರಮ್ಮನ್ನ ನಿಮ್ಮ ಕಂಪನೀಗೆ ಸೇರಿಸ್ಕೊಳ್ರೀ, ಉದ್ಧಾರ ಆಗುತ್ತೆ" ಎಂದು ಹೆಂಡತಿ ತಾರಾ ಊಟಕ್ಕೆ ಬಡಿಸುವಾಗಲೆಲ್ಲ ಹೇಳುವಳು.

ಹೊಟ್ಟೆಕಿಚ್ಚಿಗೆ ವಿದ್ಯೆಯೂ ಸೇರಿದರೆ ಕೇಳಬೇಕೆ? ಎರಡು ತಳಿಗಳನ್ನು ಅಕ್ಕಪಕ್ಕ ಬೆಳೆದರೆ ಜೇನ್ನೊಣ ಪರಾಗ ಬೆರೆಸಿ ಬೀಜ ಕೆಡಿಸುತ್ತದೆ ಎಂಬುದು ಕಂಪನಿಯಲ್ಲಿ ಕಲಿಸುವ ಮೊದಲ ಪಾಠ. ಸೀತಾರಾಮ ಅದನ್ನು ತಲೆಕೆಳಗಾಗಿ ಓದಿದ. ಮೊಗ್ಗು ಬಂದ ಗುಂಟೂರು ಮೆಣಸಿನ ಗಿಡಗಳನ್ನು ನರ್ಸರಿಯಿಂದ ತಂದು, ಒಡೆಯದ ಬಕೆಟ್ಟುಗಳಲ್ಲಿ ನೆಟ್ಟು, ಕಾಂಪೌಂಡಿನ ಉದ್ದಕ್ಕೂ ಪಹರೆ ನಿಲ್ಲಿಸಿದ. ಹೂ ಬಿಟ್ಟವು. ಕಾಂಪೌಂಡು ಯಾರದೆಂದು ಜೇನ್ನೊಣಗಳು ವಿಚಾರಿಸಲಿಲ್ಲ. ಆ ವರ್ಷದ ಕಾಯಿಗೆ ಏನೂ ಆಗದು, ಬೆರಕೆಯೆಲ್ಲ ಬೀಜದೊಳಗೆ, ಗೊತ್ತಾಗುವುದು ಮುಂದಿನ ಬೆಳೆಗೆ ಎಂಬುದೂ ಅವನಿಗೆ ತಿಳಿದಿತ್ತು. ಬೇರೆ ಯಾವುದಕ್ಕೂ ಇಲ್ಲದ ತಾಳ್ಮೆ ಇದಕ್ಕೆ ಬಂತು. ಕಾದ.

ಮರುವರ್ಷ ಶಂಕ್ರಮ್ಮ ಎಂದಿನಂತೆ ಕೆಂಪು ಚಟ್ನಿ ಕುಟ್ಟಿ ತಂದುಕೊಟ್ಟಳು. ಒಂದು ತುತ್ತು ಬಾಯಿಗಿಟ್ಟ ತಾರಾ ಮಜ್ಜಿಗೆಗೆ ಓಡಿದಳು. ಖಾರ ತಿಂದವಳು ಹೆಂಡತಿ, ತಣ್ಣಗಾದದ್ದು ಗಂಡನ ಹೊಟ್ಟೆ.

"ಅವ್ವ ಕೊಟ್ಟ ಬೀಜ ಬೆರಕಿ ಆಗ್ಯಾವ್ರೀ ಅಕ್ಕಾರ" ಎಂದ ಶಂಕ್ರಮ್ಮ ಕಾಂಪೌಂಡಿನ ಬಕೆಟ್ಟುಗಳನ್ನು ನೋಡಿದಳು. ಸೀತಾರಾಮ ಪೇಪರು ನೋಡಿದ. "ಅಸಲಿ ಬೀಜ ಊರಾಗ ತಂಗಿ ಕಡೆ ಅದಾವ, ತರಸ್ತೀನಿ. ಇವನ್ನ ಒಗಿಯಾಕ ಮನಸ ಬರವಲ್ದು. ನನ್ನ ಮಡಲಾಗ ಬೆಳದಾವ."

ಒಗೆಯಲಿಲ್ಲ. ಎದುರುಮನೆಯ ತೆಲುಗಿನಾಕೆ ಒಂದು ಹಿಡಿ ಒಯ್ದು ಪಚ್ಚಡಿ ಮಾಡಿದಳು. ಬಣ್ಣ ಬ್ಯಾಡಗಿಯದು, ಉರಿ ಗುಂಟೂರಿನದು! ಮೂಲೆಯ ಮೆಸ್ಸಿನವನು ಬಂದ, ಹಿಂದಿನ ಬೀದಿಯವರು ಬಂದರು, ಬೀಜ ಬೇಕೆಂದು ಸಾಲು ನಿಂತರು. ಮೊದಲು ಶಂಕ್ರಮ್ಮನನ್ನು ಕನ್ನಡದಲ್ಲಿ ಮಾತ್ರ ಹೊಗಳುತ್ತಿದ್ದರು. ಈಗ ತೆಲುಗು, ಹಿಂದಿಯಲ್ಲೂ ಶುರುವಾಯಿತು. ಸೀತಾರಾಮನಿಗೆ ಮೂರು ಭಾಷೆಯೂ ಬರುತ್ತಿತ್ತು. ಅದೇ ಕಷ್ಟ.

ಒಂದು ಬೆಳಿಗ್ಗೆ ಯಾರೋ ಅವನದೇ ಗೇಟು ತಟ್ಟಿದರು. ಗುರುತಿಲ್ಲದ ಹೆಂಗಸು.

"ಸೀತಾರಾಮ ವಿತ್ತನಾಲು ಇಕ್ಕಡೇನಾಂಡಿ?"

ಸೀತಾರಾಮ ಬೀಜ ಇಲ್ಲೇನಾ ಸಿಗುವುದು! ಅವನಿಗೆ ಕಣ್ಣು ತುಂಬಿ ಬಂತು. ಆಕೆಯನ್ನು ಕೂರಿಸಿ, ಕಾಫಿಗೆ ಹೇಳಿ, ಮಹಡಿಗೆ ಓಡಿ, ಮುದುರಿದ ಕಾಯಿಗಳನ್ನು ಬೊಗಸೆ ತುಂಬ ತಂದ. ಆಕೆ ಕಾಯಿಗಳನ್ನು ನೋಡಿದಳು, ಅವನನ್ನು ನೋಡಿದಳು. ಇವಲ್ಲವಂತೆ. ಶಂಕ್ರಮ್ಮ ಎಂಬಾಕೆ ಕೊಡುವ 'ಸೀತಾರಾಮ ಮಿರ್ಚಿ' ಬೇಕಂತೆ. ಕಾಫಿ ಮಾತ್ರ ಕುಡಿದು ಹೋದಳು.

ಈ ಸಲ ಸೀತಾರಾಮ ಗೇಟಿನಿಂದಲೇ ಹೋದ. ಶಂಕ್ರಮ್ಮ ಪೇಪರಿನಲ್ಲಿ ಬೀಜ ಕಟ್ಟುತ್ತಿದ್ದಳು.

"ಅಲ್ಲಮ್ಮಾ, ನೀನು ಬೆಳೆದ ಮೆಣಸಿನಕಾಯಿಗೆ ನನ್ನ ಹೆಸರು ಯಾಕಿಟ್ಟೆ?"

ಅವಳು ಕೈಯಲ್ಲಿದ್ದ ಪೊಟ್ಟಣವನ್ನು ಮಡಿಸಿ ಮುಗಿಸಿದಳು.

"ಕೂಸಿಗೆ ಅಪ್ಪನ ಹೆಸರ ಹಚ್ಚಬೇಕಲ್ರಿ, ಸಾಹೇಬ್ರ."