ಭಾವನ ಕಾಫಿ, ಅದುಮಿದ ಗಾಳಿ

ರಸಾಯನಶಾಸ್ತ್ರ ಕಲಿಸಿದ ಅಷ್ಟೂ ವರ್ಷ ನಾನು ಕಪ್ಪುಹಲಗೆಯ ಮೇಲೆ ಒಂದು ಚಿತ್ರ ಬರೆಯುತ್ತಿದ್ದೆ. ಮೂರು ಗೆರೆ, ಅವುಗಳ ನಡುವೆ ಘನ, ದ್ರವ, ಅನಿಲ. ಬಲಗಡೆ ಮೇಲೆ ಒಂದು ಚುಕ್ಕಿ ಇಟ್ಟು, “ಬಿಸಿ, ಒತ್ತಡ ಎರಡೂ ಇದರಾಚೆಗೆ ಹೋದರೆ ಕಾರ್ಬನ್ ಡೈಆಕ್ಸೈಡ್ ದ್ರವವೂ ಅಲ್ಲ, ಅನಿಲವೂ ಅಲ್ಲ, ಎರಡರ ಗುಣವೂ ಇರುವ ಬೇರೆಯೇ ಸ್ಥಿತಿ” ಎಂದು ಹೇಳಿ, ಒರೆಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಮಕ್ಕಳು ಪ್ರಶ್ನೆ ಕೇಳುತ್ತಿರಲಿಲ್ಲ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆ ಚುಕ್ಕಿ ಮುಂದೊಂದು ದಿನ ನನ್ನ ಭಾವನ ಕಾಫಿ ಲೋಟಕ್ಕೆ ಬಂದು ಇಳಿಯುತ್ತದೆಂದು ಯಾರಾದರೂ ಅಂದಿದ್ದರೆ ನಕ್ಕುಬಿಡುತ್ತಿದ್ದೆ.

ಜಗಳೂರಿನ ಹಾಸ್ಟೆಲ್ಲಿನಲ್ಲಿ ಬೆಳೆದವಳು ನಾನು. ಏಳಲು ಗಂಟೆ, ಓದಲು ಗಂಟೆ, ತಟ್ಟೆ ತೊಳೆದಿಡಲೂ ಗಂಟೆ. ನಿವೃತ್ತಿಯಾಗಿ ಹೊನ್ನಾಳಿಯಲ್ಲಿ ನೆಲೆಸಿದ ಮೇಲೂ ನನ್ನ ದಿನ ಹಾಗೆಯೇ ನಡೆಯುತ್ತದೆ. ಆದ್ದರಿಂದಲೇ ಅಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಫೋನು ಬಂದದ್ದು ನನಗೆ ಗಾಬರಿ ತಂದಿತು. ಆ ಹೊತ್ತಿನಲ್ಲಿ ನನಗೆ ಯಾರೂ ಫೋನು ಮಾಡುವುದಿಲ್ಲ. ಚನ್ನಗಿರಿಯಿಂದ ಅಕ್ಕ.

“ನಿಮ್ಮ ಭಾವ ಮತ್ತೆ ಹೋಟ್ಲಿಗೆ ಹೋಗಿ ಕಾಫಿ ಕುಡ್ದು ಬಂದಾರೆ ಕಣೆ. ಎದೆ ಡವಡವ ಅಂತ ಹೊಡ್ಕಳ್ತಾ ಐತೆ. ಕೈ ಹಿಡಿದು ನೋಡಿದ್ರೆ ನಾಡಿ ಒಂದು ಬಡಿತ ಐತೆ, ಒಂದು ಇಲ್ಲ. ಏನಾರ ಮಾಡೆ. ನೀನು ಓದಿದೋಳು.”

ಭಾವ ಅಡಿಕೆ ವ್ಯಾಪಾರ ಮಾಡಿ ಬಾಳಿದವರು. ಹೃದಯದ ಬಡಿತ ಆಗಾಗ ದಾರಿ ತಪ್ಪುತ್ತದೆಂದು ವೈದ್ಯರು ಔಷಧ ಕೊಟ್ಟಿದ್ದರು. ಕಾಫಿ ಕುಡಿದ ದಿನವೇ ಅದು ಹೆಚ್ಚುತ್ತದೆಂದು ಗೊತ್ತಾದಾಗ ಕಾಫಿ ಬಿಡಲು ಹೇಳಿದ್ದರು. ಬಾಯಲ್ಲಿ ಸದಾ ಇರುತ್ತಿದ್ದ ಅಡಿಕೆಯನ್ನು ಭಾವ ಒಂದೇ ಮಾತಿಗೆ ಬಿಟ್ಟರು. ಕಾಫಿ ಬಿಡಲಾಗಲಿಲ್ಲ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಎದ್ದ ಮೇಲೆ ಮೊದಲು ಅವರ ಬಾಯಿಗೆ ಬೀಳುತ್ತಿದ್ದುದೇ ಕಾಫಿ. ಅದಿಲ್ಲದೆ ದಿನ ಶುರುವಾಗುವುದೇ ಇಲ್ಲ ಎನ್ನುತ್ತಿದ್ದರು. ಅಕ್ಕ ಕೊತ್ತಂಬರಿ ಬೀಜ ಹುರಿದು ಪುಡಿ ಮಾಡಿ, ಕಾಫಿ ಎಂದು ಕೊಟ್ಟು ನೋಡಿದಳು. ಒಂದು ಗುಟುಕಿಗೆ ಲೋಟ ಕೆಳಗಿಟ್ಟು, “ನನಗೇ ಮಾಲು ಬದಲಾಯಿಸ್ತೀಯಾ?” ಎಂದು ಅಂಗಿ ತೊಟ್ಟು ಹೋಟೆಲಿಗೆ ಹೊರಟರಂತೆ. ಅಂದಿನಿಂದ ಮನೆಯಲ್ಲಿ ಕೊಟ್ಟ ಯಾವ ಲೋಟವನ್ನೂ ಅವರು ನಂಬುತ್ತಿರಲಿಲ್ಲ.

ನಾನು ಮೊದಲು ಅವರ ವೈದ್ಯರನ್ನು ಕೇಳಿದೆ. ಉತ್ತೇಜನ ಕೊಡುವ ಕೆಫೀನ್ ಅಂಶವನ್ನು ತೆಗೆದ ಕಾಫಿಯಾದರೆ ದಿನಕ್ಕೊಂದು, ಎರಡು ಲೋಟಕ್ಕೆ ಅಡ್ಡಿಯಿಲ್ಲ ಎಂದರು. ಅಂಥ ಪುಡಿ ತರಿಸಿ ಚನ್ನಗಿರಿಗೆ ಹೋದೆ. ಭಾವ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಬಂತು ನೋಡು, ಜಗಳೂರು ಗಂಟೆ. ಅಲ್ಲಮ್ಮ ಮೇಷ್ಟ್ರಮ್ಮ, ತೆಗೆದಾರೆ ಅಂತೀಯ. ಯಾವುದ್ರಾಗೆ ತೆಗೆದಾರೆ?”

ನಾನು ಪುಡಿ ತಯಾರಿಸುವವರಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವರು ಹೇಳಿದ ದ್ರಾವಕದ ಹೆಸರು ಕೇಳಿ ನನ್ನ ಮೂಗಿಗೆ ಹಳೆಯ ಪ್ರಯೋಗಶಾಲೆ ಬಂದಂತಾಯಿತು. ಚಹಾ ಎಲೆಯಿಂದ ಕೆಫೀನ್ ತೆಗೆಯುವ ಪ್ರಯೋಗಕ್ಕೆ ನಾವೂ ಅದನ್ನೇ ಬಳಸುತ್ತಿದ್ದೆವು. ಸಿಹಿ ವಾಸನೆ, ಸಂಜೆಗೆ ತಲೆನೋವು. ಬೀಜದಲ್ಲಿ ಉಳಿಯುವುದು ಲೆಕ್ಕಕ್ಕೆ ಸಿಗದಷ್ಟು, ಕಾನೂನು ಒಪ್ಪಿದ ಮಿತಿಯೊಳಗೇ ಇರುತ್ತದೆ ಎಂದು ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದರಿಂದ ಗೋಡೆಯ ಹಳೇ ಬಣ್ಣವನ್ನೂ ತೆಗೆಯುತ್ತಾರೆಂದು ನಾನು ಬಾಯಿತಪ್ಪಿ ಹೇಳಿದ್ದೇ ತಡ, ಭಾವ ಎದ್ದು ನಿಂತರು.

“ಪೂಜೆ ಮಾಡಿ ಎದ್ದು ಬಣ್ಣ ತೆಗೆಯೋ ಎಣ್ಣೆ ಕುಡೀಲೇನು? ಹೋಟ್ಲ ಕಾಫೀನೇ ವಾಸಿ ಬಿಡು.”

“ಹೋಗ್ರಿ, ಹೋಟ್ಲಾಗೇ ಇರ್ರಿ. ಆಸ್ಪತ್ರೆಗೆ ಅವ್ರೇ ಕರ್ಕಂಡು ಹೋಗ್ಲಿ,” ಎಂದು ಅಕ್ಕ ಒಳಗಿನಿಂದ ಕೂಗಿದಳು. ಧ್ವನಿ ಜೋರಾಗಿತ್ತು. ಅಡುಗೆಮನೆಗೆ ಹೋಗಿ ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹೊನ್ನಾಳಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಆ ಚುಕ್ಕಿ ನೆನಪಾಯಿತು. ಕೆಫೀನನ್ನು ಕಾರ್ಬನ್ ಡೈಆಕ್ಸೈಡಿನಲ್ಲೇ ತೆಗೆಯಬಹುದಲ್ಲವೇ! ಸೋಡಾದಲ್ಲಿ ಗುಳುಗುಳು ಎನ್ನುವುದು, ನಾವು ಉಸಿರು ಬಿಟ್ಟಾಗ ಹೊರಬರುವುದು, ಅದೇ ಗಾಳಿ. ನಮ್ಮೂರಿನ ಬೇಸಿಗೆಯಷ್ಟು ಬಿಸಿ ಸಾಕು. ಒತ್ತಡ ಮಾತ್ರ ಕುಕ್ಕರಿನದಕ್ಕಿಂತ ನೂರಾರು ಪಟ್ಟು ಬೇಕು. ಹಾಗೆ ಅದುಮಿದರೆ ಅದು ಚುಕ್ಕಿಯಾಚೆಯ ಸ್ಥಿತಿಗೆ ಹೋಗುತ್ತದೆ. ಗಾಳಿಯಂತೆ ಬೀಜದೊಳಗೆ ನುಗ್ಗುತ್ತದೆ, ನೀರಿನಂತೆ ಕೆಫೀನನ್ನು ಕರಗಿಸಿಕೊಂಡು ಹೊರಬರುತ್ತದೆ. ಒತ್ತಡ ಬಿಟ್ಟರೆ ಮತ್ತೆ ಗಾಳಿ. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಯಾಕ್ರಿ, ಒಬ್ರೇ ನಗ್ತಾ ಇದ್ದೀರಿ?” ಎಂದು ಕೇಳಿದರು. ಇಳಿದವಳೇ ಮನೆಗೂ ಹೋಗದೆ, ಬಸ್ ನಿಲ್ದಾಣದಲ್ಲೇ ನಿಂತು ನ್ಯಾಮತಿಯ ಹುಡುಗಿಗೆ ಫೋನು ಮಾಡಿದೆ.

ಹುಡುಗಿ ಎಂದರೆ ನನ್ನ ಹಳೆಯ ವಿದ್ಯಾರ್ಥಿನಿ. ಈಗ ನ್ಯಾಮತಿಯ ಕಾಲೇಜೊಂದರಲ್ಲಿ ನನ್ನ ಪಾಠವನ್ನೇ ಮಾಡುತ್ತಾಳೆ. “ಅಯ್ಯೋ ಮೇಡಂ, ಅದುಮಿದ ಗಾಳಿ ತಾನೆ? ಆ ಚುಕ್ಕಿವರೆಗೂ ಹೋಗಾಕೆ ನಮ್ಮತ್ರ ಯಂತ್ರ ಇಲ್ಲ. ಆದ್ರೆ ಗಾಳಿ ನೀರಾಗೋದನ್ನ ತೋರಿಸ್ತೀನಿ. ಶನಿವಾರ ಬರ್ರಿ. ನಿಮ್ಮ ಭಾವನವ್ರನ್ನೂ ಕರ್ಕಂಡು ಬರ್ರಿ,” ಎಂದಳು.

ಭಾವ ಬಂದರು. ಬರುವುದಿಲ್ಲ ಎಂದಿದ್ದರೆ ಅಕ್ಕ ಬಿಡುತ್ತಿರಲಿಲ್ಲ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಹುಡುಗಿ ಐಸ್ ಕ್ರೀಮ್ ಏಜೆನ್ಸಿಯವರಿಂದ ಥರ್ಮಕೋಲ್ ಡಬ್ಬಿಯಲ್ಲಿ ಡ್ರೈ ಐಸ್ ತರಿಸಿಟ್ಟಿದ್ದಳು. ಆ ಗಾಳಿಯನ್ನೇ ಹೆಪ್ಪುಗಟ್ಟಿಸಿದ ಬಿಳಿಯ ಗಡ್ಡೆ. ದಪ್ಪ ಕೈಗವಸು ಹಾಕಿಕೊಂಡು ಒಂದು ಚೂರನ್ನು ತಟ್ಟೆಯಲ್ಲಿಟ್ಟಳು. ಹೊಗೆಯಾಡಿತು, ಚಿಕ್ಕದಾಯಿತು, ಇಲ್ಲವಾಯಿತು. ಭಾವ ತಟ್ಟೆಯ ಮೇಲೆ ಬೆರಳಾಡಿಸಿ, “ಇಲ್ನೋಡಮ್ಮ, ತೇವ ಐತೆ! ಉಳೀತಲ್ಲ!” ಎಂದರು, ಕಳ್ಳ ಮಾಲು ಹಿಡಿದವರಂತೆ.

“ಅದು ಈ ಕೋಣೆ ಗಾಳಿಯಾಗಿನ ತೇವ ರೀ, ಅಜ್ಜಾರೆ. ತಣ್ಣನೆ ನೀರಿನ ಲೋಟ ಹೊರಗಡೆ ಬೆವರಾಕಿಲ್ವ? ಹಂಗೆ.”

“ಅಜ್ಜಾರಂತೆ,” ಎಂದು ಭಾವ ನನ್ನ ಕಡೆ ತಿರುಗಿ ಗೊಣಗಿದರು. “ನೀನು ಇವಳಿಗೆ ಕಲಿಸಿದ್ದು ಇದೇ ಏನು?”

ಅವಳು ಕಿತ್ತಳೆ ಸಿಪ್ಪೆಯನ್ನು ಸಣ್ಣಗೆ ತುರಿದು, ತಳ ಚೂಪಾದ ಪ್ಲಾಸ್ಟಿಕ್ ನಳಿಕೆಯೊಳಗೆ ತಂತಿಯ ಸುರುಳಿಯ ಮೇಲೆ ಇಟ್ಟಳು. ಅದರ ಮೇಲೆ ಡ್ರೈ ಐಸ್ ಪುಡಿ ತುಂಬಿ ಬಿರಡೆ ತಿರುಗಿಸಿ, ಬೆಚ್ಚನೆಯ ನೀರಿದ್ದ ಪ್ಲಾಸ್ಟಿಕ್ ಜಾಡಿಗೆ ಬಿಟ್ಟಳು. ನಮಗೆಲ್ಲ ಕನ್ನಡಕ ಕೊಟ್ಟು ದೂರ ನಿಲ್ಲಿಸಿದಳು. ಬಿರಡೆ ಸಡಿಲವಾಗಿತ್ತೇನೋ, ಬರೀ ಹೊಗೆ ಬಂತು. ಎರಡನೆಯ ಸಲ ಬಿರಡೆ ಢಬ್ ಎಂದು ಹಾರಿ ಚಾವಣಿಗೆ ಬಡಿದು ಭಾವನ ಚಪ್ಪಲಿಯ ಬಳಿ ಬಿತ್ತು. ಭಾವ ನನ್ನ ಹಿಂದಿದ್ದರು. ಯಾವಾಗ ಬಂದು ನಿಂತರೋ ಗೊತ್ತಿಲ್ಲ.

ಮೂರನೆಯ ಸಲ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನಳಿಕೆಯ ಗೋಡೆಯ ಒಳಗೆ ಒಂದು ಹನಿ. ಹಿಂದೆಯೇ ಇನ್ನೊಂದು. ನೋಡುನೋಡುತ್ತಿದ್ದಂತೆ ಬಿಳಿಯ ಪುಡಿ ಕರಗಿ, ಪನ್ನೀರಿನಷ್ಟು ತಿಳಿಯಾದ ದ್ರವವಾಗಿ, ಗುಳುಗುಳು ಕುದಿಯುತ್ತ ಸಿಪ್ಪೆಯ ನಡುವೆ ಇಳಿಯಿತು. ಗಾಳಿ! ನೀರಾದ ಗಾಳಿ! ನಾನು ಅಷ್ಟು ವರ್ಷ ಸುಣ್ಣದ ಕಡ್ಡಿಯಲ್ಲಿ ಬರೆದು ಒರೆಸಿದ್ದು ಅಲ್ಲಿ ಕುದಿಯುತ್ತಿತ್ತು. “ನೋಡ್ರಿ, ನೋಡ್ರಿ ಭಾವ!” ಎಂದು ನಾನು ಕೂಗಿದ್ದು ಹೊರಗಿನ ಮೈದಾನಕ್ಕೂ ಕೇಳಿಸಿತಂತೆ. ತರಗತಿಯಲ್ಲಿ ಯಾರಾದರೂ ಹಾಗೆ ಕೂಗಿದ್ದರೆ ನಾನೇ ಎಬ್ಬಿಸಿ ನಿಲ್ಲಿಸುತ್ತಿದ್ದೆ.

ದ್ರವವೆಲ್ಲ ಆವಿಯಾಗಿ ಹೋದ ಮೇಲೆ ನಳಿಕೆಯ ಚೂಪು ತುದಿಯಲ್ಲಿ ಹಳದಿಯ ಒಂದು ತೊಟ್ಟು ಎಣ್ಣೆ ಉಳಿದಿತ್ತು. ಭಾವ ಮೂಸಿದರು. ಕಿತ್ತಳೆ. ಸಿಪ್ಪೆಯನ್ನು ಮೂಸಿದರು. ವಾಸನೆ ಮುಕ್ಕಾಲು ಪಾಲು ಹೋಗಿತ್ತು. ಸಿಪ್ಪೆಯನ್ನು ಕೆಳಗಿಟ್ಟು ಕೇಳಿದರು:

“ಗಾಳಿ ಬಂತು, ಗಾಳಿ ಹೋಯ್ತು, ಒಪ್ಪಿದೆ. ಆದ್ರೆ ವಾಸನೇನೇ ಎಳ್ಕಂಡು ಹೋಯ್ತಲ್ಲ? ನಲ್ಲೂರಾಗೆ ಅಡಿಕೆ ಬೇಯಿಸ್ತಾರೆ. ಬೇಯಿಸಿದ ನೀರು, ಚೊಗರು, ಅದ್ರಾಗೆ ಒಗರೂ ಇಳೀತೈತೆ, ಬಣ್ಣಾನೂ ಇಳೀತೈತೆ. ಒಂದನ್ನ ತಗಾ, ಇನ್ನೊಂದನ್ನ ಬಿಡು ಅಂದ್ರೆ ಕೇಳಾಕಿಲ್ಲ. ಕಾಫಿಯಾಗೆ ಈ ಗಾಳಿ ಹೆಂಗೆ ಕೇಳ್ತೈತೆ?”

ಒಳ್ಳೆಯ ಪ್ರಶ್ನೆ ಕೇಳಿದವರನ್ನು ನಾನು ಯಾವತ್ತೂ ಬಿಟ್ಟಿಲ್ಲ. ಅಲ್ಲೇ ಹಲಗೆಯ ಮೇಲೆ ನನ್ನ ಹಳೆಯ ಚಿತ್ರ ಬರೆದೆ. ಚುಕ್ಕಿಯಾಚೆಗೆ ಹೋದ ಗಾಳಿ ಎಷ್ಟು ಗಟ್ಟಿಯಾಗಿರಬೇಕು ಎಂಬುದನ್ನು ಒತ್ತಡ ಹೆಚ್ಚುಕಡಿಮೆ ಮಾಡಿ ನಾವೇ ಹೇಳಬಹುದು, ಅದು ಯಾವುದನ್ನು ಕರಗಿಸುತ್ತದೆ, ಯಾವುದನ್ನು ಬಿಡುತ್ತದೆ ಎಂಬುದು ಆ ಗಟ್ಟಿತನದ ಮೇಲೆ ನಿಂತಿದೆ ಎಂದು ವಿವರಿಸಿದೆ. ಕೆಫೀನ್ ತೆಗೆಯುವುದು ನೆನೆಸಿದ ಹಸಿ ಬೀಜದಿಂದ. ಕಾಫಿಯ ಘಮ ಹುಟ್ಟುವುದು ಆಮೇಲೆ, ಹುರಿದಾಗ. ಇನ್ನೂ ಹುಟ್ಟದ ಘಮವನ್ನು ಯಾರು ಎಳೆದುಕೊಂಡು ಹೋಗುತ್ತಾರೆ?

“ಹ್ಞೂಂ,” ಎಂದರು ಭಾವ. “ಪುಡಿ ತರಬೇಡ. ಪುಡೀನ ಯಾರೂ ಪರೀಕ್ಷೆ ಮಾಡಾಕಾಗಲ್ಲ. ಬೀಜ ತಾ.”

ಅದುಮಿದ ಗಾಳಿಯಲ್ಲೇ ಕೆಫೀನ್ ತೆಗೆದದ್ದು ಎಂದು ಕೇಳಿ ಖಚಿತ ಮಾಡಿಕೊಂಡು ಹುರಿದ ಬೀಜ ತರಿಸಿದೆ. ಚನ್ನಗಿರಿಗೆ ಹೋಗಿ ರಾತ್ರಿ ಉಳಿದು, ಬೆಳಿಗ್ಗೆ ಭಾವ ಪೂಜೆಯಲ್ಲಿದ್ದಾಗ ನನ್ನ ಪರೀಕ್ಷೆ ಸಿದ್ಧ ಮಾಡಿದೆ. ಎರಡು ಬಟ್ಟಲು, ಒಂದರಲ್ಲಿ ಮಾಮೂಲಿ ಬೀಜ, ಇನ್ನೊಂದರಲ್ಲಿ ನಾನು ತಂದದ್ದು. ಎರಡರಿಂದಲೂ ಒಂದಿಷ್ಟು ಪುಡಿ ಮಾಡಿ, ಫಿಲ್ಟರಿನಲ್ಲಿ ಬೇರೆಬೇರೆ ಡಿಕಾಕ್ಷನ್ ಇಳಿಸಿ ಎರಡು ಲೋಟ ಕಾಫಿ ಬೆರೆಸಿಟ್ಟೆ. ಯಾವುದು ಯಾವುದೆಂದು ಅವರಿಗೆ ಗೊತ್ತಾಗಬಾರದು, ಒಂದೊಂದು ಗುಟುಕಿಗೇ ಎರಡರ ರುಚಿಯೂ ಒಂದೇ ಎಂದು ಅವರ ಬಾಯಿಂದಲೇ ಬರಬೇಕು. ಇದು ನನ್ನ ಯೋಜನೆ.

ಭಾವ ಹಣೆಯ ವಿಭೂತಿಯೊಂದಿಗೆ ಬಂದು ಕೂತರು. ಲೋಟಗಳ ಕಡೆ ನೋಡಲೇ ಇಲ್ಲ. ಜೇಬಿನಿಂದ ಅಡಕತ್ತರಿ ತೆಗೆದರು. ಅಡಿಕೆ ಬಿಟ್ಟರೂ ಅದನ್ನು ಬಿಟ್ಟಿರಲಿಲ್ಲ. ಎರಡೂ ಬಟ್ಟಲಿನಿಂದ ಒಂದೊಂದು ಬೀಜ ತೆಗೆದು ಕಟ್ಟೆಂದು ಕತ್ತರಿಸಿ, ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು.

“ಇದು,” ಎಂದು ಒಂದನ್ನು ಮುಂದೆ ಮಾಡಿದರು. “ಬಣ್ಣ ಮಬ್ಬೈತೆ, ಮೇಲೆ ಎಣ್ಣೆ ಜಾಸ್ತಿ ಬಿಟ್ಟೈತೆ. ಹುರಿಯಾಕೆ ಮುಂಚೆ ಇದನ್ನ ಏನೋ ಮಾಡಾರೆ. ಇದೇ ನಿನ್ನ ಗಾಳಿ ಕಾಫಿ.”

ಅದೇ ಆಗಿತ್ತು. ನನ್ನ ಮುಖ ಇಳಿಯಿತು. ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಇನ್ನು ಇವರು ಅಂಗಿ ತೊಟ್ಟು ಹೊರಡುತ್ತಾರೆ ಎಂದುಕೊಂಡೆವು ಇಬ್ಬರೂ. ಭಾವ ಹೊರಡಲಿಲ್ಲ. ಅವರ ಮುಖ ಅರಳಿತ್ತು.

“ಅಂದ್ರೆ ತೆಗೆದಾರೆ! ನಿಜವಾಗ್ಲೂ ತೆಗೆದಾರೆ! ನನ್ನ ಹೋಟ್ಲು ಬಿಡಿಸಾಕೆ ಅಕ್ಕ ತಂಗಿ ಸೇರ್ಕಂಡು ಮಾಮೂಲಿ ಕಾಫೀಗೇ ಇಲ್ಲದ ಹೆಸರಿಟ್ಟು ನನಗೆ ಟೋಪಿ ಹಾಕ್ತೀರಿ ಅಂದ್ಕಂಡಿದ್ದೆ. ಎರಡೂ ಒಂದೇ ಥರ ಇದ್ದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ.”

ವ್ಯತ್ಯಾಸವೇ ಇಲ್ಲ ಎಂದು ತೋರಿಸಲು ನಾನು ಇಷ್ಟು ದಿನ ಒದ್ದಾಡಿದ್ದೆ. ಅವರಿಗೆ ಬೇಕಾಗಿದ್ದುದೇ ವ್ಯತ್ಯಾಸ!

“ಕೆಫೀನ್ ಪೂರ್ತಿ ಹೋಗಿರಲ್ಲ ಭಾವ, ಚೂರು ಉಳಿದಿರ್ತೈತೆ,” ಎಂದೆ. ಹೇಳದೆ ಬಿಡುವುದು ನನ್ನಿಂದಾಗದು.

“ಇರ್ಲಿ ಬಿಡು. ನಿಜ ಹೇಳಿದ್ಯಲ್ಲ.” ನಾನು ಮುಂದಿಟ್ಟ ಗಾಳಿ ಕಾಫಿಯ ಲೋಟದಿಂದ ಒಂದು ಗುಟುಕು ಕುಡಿದರು. ಬಾಯಲ್ಲಿ ತಿರುಗಿಸಿದರು. “ಸ್ವಲ್ಪ ತೆಳ್ಳಗೈತೆ. ಚಿಕೋರಿ ಒಂಚೂರು ಜಾಸ್ತಿ ಹಾಕ್ರಿ, ಸರಿಹೋಗ್ತೈತೆ.” ಲೋಟ ಖಾಲಿಯಾಯಿತು.

ಇನ್ನು ಉಳಿದದ್ದು ಅಕ್ಕನ ಪರೀಕ್ಷೆ. ಅವಳು ಪಕ್ಕದಲ್ಲಿ ಕೂತು ಗಂಡನ ಮಣಿಕಟ್ಟು ಹಿಡಿದಳು. ಕಾಫಿ ಕುಡಿದ ದಿನ ನಾಡಿ ಯಾವಾಗ ಎಡವಲು ಶುರುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆ ಹೊತ್ತು ಬಂತು. ನಾನು ಬಿಸಿಲು ಬಾಗಿಲ ಕಡೆಗೆ ಸರಿಯುವುದನ್ನೇ ನೋಡುತ್ತ ಕೂತೆ. ಆ ಹೊತ್ತು ದಾಟಿತು. ಭಾವ ಪೇಪರ್ ಓದಿ ಮುಗಿಸಿ, ಹಳೆಯ ಸುದ್ದಿಗೇ ಮತ್ತೆ ಬಂದರು. ಅಕ್ಕ ಕೈ ಬಿಡಲಿಲ್ಲ.

“ಏನಂತೈತೆ ನಿನ್ನ ಮಿಷನ್ನು?” ಎಂದು ಭಾವ ಕೇಳಿದರು. ತಮಾಷೆಗೆ ಕೇಳಿದರೂ ಪೇಪರ್ ಕೆಳಗಿಟ್ಟು ಅಕ್ಕನ ಮುಖವನ್ನೇ ನೋಡಿದರು.

ಅಕ್ಕ ನಿಧಾನವಾಗಿ ಅವರ ಕೈಯನ್ನು ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಖಾಲಿ ಲೋಟ ಎತ್ತಿಕೊಂಡಳು.

“ಇನ್ನೊಂದು ಅರ್ಧ ಲೋಟ ಕುಡೀತೀರೇನ್ರಿ?”

ಭಾವ ನನ್ನ ಕಡೆ ನೋಡಿದರು. “ಜಗಳೂರು ಗಂಟೆ ಏನಂತೈತೋ?”

“ನನಗೂ ಅದನ್ನೇ ಕೊಡು,” ಎಂದೆ ಅಕ್ಕನಿಗೆ. ಹೊನ್ನಾಳಿಯ ನನ್ನ ಬಸ್ಸು ಆಗಲೇ ಹೋಗಿತ್ತು.